ತಪ್ಪಿನ ಬುಕ್ಕು

ಎದುರಿನವರು ಮಾತಾಡುವಾಗ ನಮ್ಮ ಬಸ್ಸಿನ ಡ್ರೈವರರ ತುಟಿ ಅಲುಗುತ್ತಿತ್ತು. ಸದ್ದಿಲ್ಲ, ಬರೀ ತುಟಿ. ನಾವು ಹೇಳಬೇಕೆಂದಿರುವ ಮಾತು ನಮಗಿಂತ ಒಂದು ಕ್ಷಣ ಮೊದಲೇ ಅಲ್ಲಿಗೆ ಬಂದಿರುತ್ತಿತ್ತು. ಅವರು ಓಡಿಸುತ್ತಿದ್ದ ಆಫೀಸಿನ ಮಿನಿಬಸ್ಸಿನಲ್ಲಿ ನಾನು ಡ್ರೈವರ್ ಸೀಟಿನ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದೆ, ಹಾಗಾಗಿ ಕನ್ನಡಿಯಲ್ಲಿ ದಿನಾ ಇದು ಕಾಣುತ್ತಿತ್ತು. ಮೊದಲು ಕಂಡಾಗ ಏನೋ ಜಪ ಮಾಡುತ್ತಾರೆ ಅಂದುಕೊಂಡಿದ್ದೆ.

ಬಹರೇನಿನ ರಿಫಾ ಊರಿನಿಂದ ಅವಾಲಿ ಹತ್ತಿರದ ನಮ್ಮ ಆಫೀಸಿಗೆ ಹೋಗುವ ಬಸ್ಸು ಅದು. ಮೊದಲ ದಿನ ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಎತ್ತರದ ಆಳು, ಕಡುಕಪ್ಪು ಮೈ, ತಲೆಯ ಮೇಲೆ ಒತ್ತಾಗಿ ಸುರುಳಿ ಸುತ್ತಿದ ನರೆಗೂದಲು. ನಾನು ಹತ್ತುವಾಗ ಬಾಗಿಲಲ್ಲಿ ಯಾರೋ ಬಹರೇನಿಯ ಜೊತೆ ಅರಬಿಯಲ್ಲಿ ಮಾತಾಡುತ್ತಿದ್ದರು. ಸುಡಾನಿನವರು ಎಂದು ನಾನೇ ತೀರ್ಮಾನಿಸಿದೆ. ಕೂತವಳೇ ಮಂಗಳೂರಿನ ಗೆಳತಿಗೆ ಫೋನು ಹಚ್ಚಿದೆ. “ಡ್ರೈವರ್ ಯಾವ ಊರಿನವನೋ ಮಾರಾಯ್ತಿ, ಬಿಡುದು ನೋಡಿದ್ರೆ ಇವತ್ತು ಮುಟ್ಟುದಿಲ್ಲ ನಾವು. ಇದು ಬಸ್ಸಲ್ಲ, ಇದು… ಎಂತ ಹೇಳುದು ಅದಕ್ಕೆ…”

ಮುಂದಿನ ಸೀಟಿನಿಂದ ತಗ್ಗಿದ ದನಿಯಲ್ಲಿ ಬಂತು: “ಎತ್ತಿನ ಗಾಡಿ.”

ನನ್ನ ಕೈಯಿಂದ ಫೋನು ಬಿದ್ದುಹೋಯಿತು. ಅವರು ಹಿಂದಿರುಗಿ ನೋಡಲೂ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ, “ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಯಾರಾದ್ರೂ ಮಾತಿಗೆ ತಡವರಿಸಿದ್ರ ನನ್ನ ಬಾಯಿ ಸುಮ್ನಿರೂದಿಲ್ಲ. ನಾ ಪ್ರಾಂಪ್ಟರ್ ಇದ್ದಾಂವ,” ಅಂದರು. ಅವತ್ತಿನಿಂದ ನಾನು ಅವರನ್ನು ಮಾಮ ಎಂದು ಕರೆದೆ. ಮನಸ್ಸಿನಲ್ಲಿ ಮಾತ್ರ ಅವರು ಯಾವಾಗಲೂ ಪ್ರಾಂಪ್ಟರೇ.

ಹಳಿಯಾಳದ ಕಡೆಯ ಸಿದ್ದಿ ಜನ ಅವರದು. ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರು. ಆಫ್ರಿಕಾ ನಕಾಶೆಯಲ್ಲಿ ನಮಗೆ ಎಷ್ಟು ದೂರವೋ ಈಗಿನವರಿಗೂ ಅಷ್ಟೇ ದೂರ. “ಇಲ್ಲಿ ಪೊಲೀಸರು ಅರಬಿ ಮಾತಾಡ್ತಾರ, ಸುಡಾನಿಗಳು ಅಣ್ಣಾ ಅಂತಾರ, ನಮ್ಮ ಕನ್ನಡದವ್ರು ಇಂಗ್ಲಿಷಿನ್ಯಾಗ ಮಾತಾಡ್ತಾರ,” ಎಂದು ನಗುತ್ತಿದ್ದರು. ಕನ್ನಡದವರದೇ ಒಂದು ಕಾರ್ಯಕ್ರಮಕ್ಕೆ ಹೋದಾಗ ಬಾಗಿಲಲ್ಲಿದ್ದವರು ಇಂಗ್ಲಿಷಿನಲ್ಲಿ ತಡೆದು, ಇದು ಕನ್ನಡಿಗರಿಗೆ ಮಾತ್ರ ಎಂದರಂತೆ. ಅವರು ಅದನ್ನೂ ನಗುತ್ತಲೇ ಹೇಳಿದರು. ನನಗೆ ಮೈ ಉರಿಯಿತು. ಹಾಗೆ ಉರಿಯುವಾಗ ಎತ್ತಿನ ಗಾಡಿ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅವರ ಪ್ರಾಯದಲ್ಲಿ ಆ ಕಡೆಯ ನಾಲ್ಕು ಹಾಡಿಗಳ ಸಿದ್ದಿಗಳೇ ಸೇರಿ ನಾಟಕದ ತಂಡ ಕಟ್ಟಿದ್ದರು. ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ಗುಡಿಗೆ ಹೋಗುವವರು, ಮೂರೂ ಬಗೆಯವರು ಅದರಲ್ಲಿದ್ದರು. ನಾಟಕ ಬರೆದು ಕಲಿಸಿದವರು ಅವರಲ್ಲೇ ಓದಿದ್ದ ಒಬ್ಬ ಮಾಸ್ತರು. ಪಾರ್ಟು ಮಾಡುವವರಲ್ಲಿ ಕೆಲವರು ಹೆಸರು ಗೀಚುತ್ತಿದ್ದರೇ ಹೊರತು ಯಾರಿಗೂ ಓದಲು ಬಾರದು, ಕೇಳಿ ಕೇಳಿಯೇ ಮಾತು ಕಲಿಯುತ್ತಿದ್ದರು. ಆದ್ದರಿಂದ ಪರದೆಯ ಬದಿಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಪ್ರಾಂಪ್ಟರ್ ಆ ತಂಡದ ಜೀವ. “ನನ್ನ ದನಿ ಪಾರ್ಟಿನವ್ರಿಗೆ ಕೇಳಬೇಕು, ಮುಂದಿನ ಸಾಲಿನ ಮಂದಿಗೆ ಕೇಳಬಾರ್ದು. ಕೇಳ್ತು ಅಂದ್ರ ಅವತ್ತು ನಾ ಸೋತೆ,” ಎನ್ನುತ್ತಿದ್ದರು. ಮಾಸ್ತರು ತೀರಿಕೊಂಡರು, ತಂಡ ಚದುರಿತು. ಕಾಗದಪತ್ರವೆಲ್ಲ ಇವರ ಕೈಗೆ ಬಂತು. “ತಂಡದಾಗ ಕಾಗದ ಹಿಡಿಯಾಂವ ನಾನೊಬ್ಬನೇ ಇದ್ದೆ, ಅದಕ್ಕ,” ಎಂದು ಕಾರಣ ಹೇಳಿದ್ದರು.

ಊರಲ್ಲಿ ಒಂದು ಮಳೆಗಾಲಕ್ಕೆ ಗೆದ್ದಲು ಅರ್ಧ ತಿಂದಿತು. ಆಮೇಲೆ ಪ್ರತಿ ರಜೆಗೆ ಹೋದಾಗಲೂ ಬಟ್ಟೆಯ ನಡುವೆ ಸ್ವಲ್ಪ ಸ್ವಲ್ಪ ತುಂಬಿ ಇಲ್ಲಿಗೆ ತಂದರು. ಎಲ್ಲರೂ ಇಲ್ಲಿಂದ ಊರಿಗೆ ಸಾಮಾನು ಹೊತ್ತರೆ, ಇವರು ಊರಿನಿಂದ ಇಲ್ಲಿಗೆ ಹಳೇ ಕಾಗದ ಹೊತ್ತರು. ಕಸ್ಟಮ್ಸಿನವನೊಬ್ಬ ಕಟ್ಟು ಬಿಚ್ಚಿ ಇದೇನೆಂದು ಕೇಳಿದಾಗ, “ನಾಟಕ” ಎನ್ನಲು ಅರಬಿ ಗೊತ್ತಾಗದೆ ಅಲ್ಲೇ ಎರಡು ಸಾಲು ಅಭಿನಯಿಸಿ ತೋರಿಸಿದ್ದರಂತೆ. ಈ ಒಣ ಊರಿನ ಏಸಿ ಕೋಣೆಯಲ್ಲಿ ಗೆದ್ದಲಿಲ್ಲ, ಬೂಷ್ಟಿಲ್ಲ. ರಿಫಾದ ಡ್ರೈವರುಗಳ ಕೋಣೆಯಲ್ಲಿ ಅವರ ಮಂಚದ ಕೆಳಗೆ ಎರಡು ಟ್ರಂಕು ತುಂಬ ಕರಪತ್ರ, ಫೋಟೋ, ಕೆಂಪು ಪೆನ್ಸಿಲಿನ ಗುರುತುಗಳಿರುವ ನಾಟಕದ ಪ್ರತಿಗಳು ಇದ್ದವು. ಮತ್ತೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಬುಕ್ಕು.

ಅದನ್ನು ಅವರು ತಪ್ಪಿನ ಬುಕ್ಕು ಎನ್ನುತ್ತಿದ್ದರು. ನಾಟಕ ಮುಗಿದು ಪರದೆ ಬಿದ್ದ ಕೂಡಲೇ, ಬಣ್ಣ ಒರೆಸುವ ಮೊದಲೇ, ತಂಡದವರೆಲ್ಲ ಸುತ್ತಾಗಿ ಕೂರಬೇಕು. ಒಬ್ಬೊಬ್ಬರೇ ಅವತ್ತಿನ ತಮ್ಮ ತಪ್ಪು ಹೇಳಬೇಕು. ಇನ್ನೊಬ್ಬರ ತಪ್ಪು ಹೇಳುವ ಹಾಗಿಲ್ಲ. ಪ್ರಾಂಪ್ಟರ್ ಅದನ್ನು ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಬೇಕು. ತಂಡದಲ್ಲಿ ಪಾರ್ಟು ಮಾಡದವರು ಆ ಬುಕ್ಕು ಓದುವಂತಿಲ್ಲ. ಮಾಸ್ತರು ಮಾಡಿದ ನಿಯಮ ಇದು. ಹೊರಗಿನವರು ನಮ್ಮ ತಪ್ಪು ಹುಡುಕಲು ಕಾದು ಕೂತಿರುತ್ತಾರೆ, ಅವರಿಗಿಂತ ಮೊದಲು ನಾವೇ ಹೇಳಿಕೊಂಡುಬಿಡೋಣ ಎನ್ನುತ್ತಿದ್ದರಂತೆ.

ಕಳೆದ ವರ್ಷ ಒಂದು ಮಂಗಳವಾರ ಸಂಜೆ ಉಳಿದವರನ್ನೆಲ್ಲ ಇಳಿಸಿಯಾದ ಮೇಲೆ, ಬಸ್ಸಿನಲ್ಲಿ ನಾನೊಬ್ಬಳೇ ಇದ್ದಾಗ ಅವರಿಗೆ ಊರಿನಿಂದ ಫೋನು ಬಂತು. ಮಾಡಿದವಳು ತಂಡದಲ್ಲಿ ರಾಣಿ ಪಾರ್ಟು ಮಾಡುತ್ತಿದ್ದ ಹೆಂಗಸಿನ ಮಗಳು. ಅಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್. ಆ ಕಡೆಯ ಪಟ್ಟಣದ ಒಂದು ಸಮಿತಿಯವರು ಹವ್ಯಾಸಿ ನಾಟಕ ತಂಡಗಳ ಬಗ್ಗೆ ದೊಡ್ಡ ಪುಸ್ತಕ ಮಾಡುತ್ತಿದ್ದರು. ಇವರ ತಂಡದ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ಸಿದ್ದಿಗಳ ಕುಣಿತದ ತಂಡ. ಟೀಚರ್ ಹೋಗಿ ಜಗಳಾಡಿದ್ದಳು. ಮಾತಿನ ನಾಟಕ ಆಡಿದ್ದಕ್ಕೆ ದಾಖಲೆ ತನ್ನಿ, ಮುಂದಿನ ಬುಧವಾರ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ ಎಂದಿದ್ದರಂತೆ. ಅವಳ ತಾಯಿ ಹಾಸಿಗೆ ಹಿಡಿದಿದ್ದರು. “ಆಯಿ ಕಣ್ಣು ಮುಚ್ಚೂದರಾಗ ಆಕಿ ಹೆಸರು ಒಂದು ಕಡೆ ಅಚ್ಚಾಗಬೇಕು ಮಾಮಾ,” ಎಂದಳು. ಫೋನು ಸ್ಪೀಕರಿನಲ್ಲಿತ್ತು, ನನಗೆ ಪ್ರತಿ ಮಾತೂ ಕೇಳಿತು.

ನನಗೆ ಇಂಥದ್ದೆಲ್ಲ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. “ಕರಪತ್ರ ಕಳ್ಸಿ ಮಾಮ,” ಎಂದೆ. ಕರಪತ್ರದಲ್ಲಿ ನಾಟಕ ಕರೆಸಿದ ಊರಿನ ದೊಡ್ಡವರ ಹೆಸರು ಮಾತ್ರ ಇತ್ತು, ತಂಡದ್ದು ಇರಲಿಲ್ಲ. ಫೋಟೋದಲ್ಲಿ ವೇಷವಿತ್ತು, ಅದು ಕುಣಿತದ ವೇಷವೆಂದರೆ ಇಲ್ಲವೆನ್ನುವುದು ಹೇಗೆ? ನಾಟಕದ ಪ್ರತಿ ಯಾರದ್ದೂ ಆಗಿರಬಹುದು ಎಂದು ಸಮಿತಿಯವರು ಮೊದಲೇ ಹೇಳಿಬಿಟ್ಟಿದ್ದರು. ಊರು, ತಾರೀಕು, ನಾಟಕ, ಯಾರು ಯಾವ ಪಾರ್ಟು, ಯಾರು ಯಾವ ಮಾತು ಬಿಟ್ಟರು, ಅದರ ಮೇಲೆ ಹೆಬ್ಬೆಟ್ಟು, ಇಷ್ಟೂ ಒಟ್ಟಿಗೆ ಇದ್ದದ್ದು ತಪ್ಪಿನ ಬುಕ್ಕಿನಲ್ಲಿ ಮಾತ್ರ.

“ಅದು ಆಗೂದಿಲ್ಲ,” ಎಂದರು.

“ಎಂತ ಮಾಮ ಇದು? ಒಂದು ಪುಟ ಕೊಡ್ಲಿಕ್ಕೆ ನಿಮಗೆ ಎಂತ ಆಗ್ತದೆ?”

“ಹೊರಗಿನವ್ರು ಓದೂ ಹಾಂಗಿಲ್ರಿ.”

“ನಿಯಮ ಮಾಡಿದ ಮಾಸ್ತರೇ ಈಗ ಇಲ್ಲ. ಅಲ್ಲಿ ಅಚ್ಚಿಗೆ ಹೋದ್ರೆ ಮುಗೀತು, ಮತ್ತೆ ನೂರು ವರ್ಷ ನೀವು ಕುಣಿತದವರೇ. ಆಗ ಈ ಪೆಟ್ಟಿಗೆ ಇಟ್ಕೊಂಡು ಎಂತ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?”

ಬುಧವಾರ ಕೇಳಿದೆ, ಇಲ್ಲ. ಗುರುವಾರ ಬೆಳಿಗ್ಗೆ ಕೇಳಿದೆ, ಇಲ್ಲ. ಹಟಮಾರಿ ಮನುಷ್ಯ ಎಂದು ನನಗೆ ಕೆಟ್ಟ ಸಿಟ್ಟು ಬಂತು. ಗುರುವಾರ ಸಂಜೆ, ಹೋಗಲಿ ಕರಪತ್ರಗಳನ್ನಾದರೂ ಫೋನಿನಲ್ಲಿ ತೆಗೆದು ಟೀಚರಿಗೆ ಕಳಿಸುತ್ತೇನೆ ಎಂದು ಒಪ್ಪಿಸಿದೆ. ಅವಳ ನಂಬರು ಕೊಟ್ಟರು.

ಅವರ ಕೋಣೆಯ ಬಾಗಿಲು ಹಾರು ಹೊಡೆದು, ಕಿಟಕಿಯ ಬಳಿ ಸ್ಟೂಲು ಹಾಕಿ ನನ್ನನ್ನು ಕೂರಿಸಿದರು. ಕೋಣೆಯ ಇನ್ನಿಬ್ಬರು ಡ್ಯೂಟಿಯಲ್ಲಿದ್ದರು. ಟ್ರಂಕಿನ ಬೀಗ ತೆಗೆದು ಒಂದೊಂದೇ ಕರಪತ್ರವನ್ನು ಮಂಚದ ಮೇಲೆ ಹರಡಿದರು. ನಾನು ನಾಲ್ಕೈದು ಫೋಟೋ ತೆಗೆಯುವಷ್ಟರಲ್ಲಿ ಸೂಪರ್‌ವೈಸರನ ಫೋನು ಬಂತು. ಸೈಟಿನಲ್ಲಿ ಯಾರೋ ಇಂಜಿನಿಯರು ಉಳಿದುಬಿಟ್ಟಿದ್ದಾರೆ, ಈಗಲೇ ಹೋಗಬೇಕು. “ಮುಗಿಸಿ ಬಾಗ್ಲಾ ಎಳಕೊಂಡು ಹೋಗ್ರಿ ಅಕ್ಕಾರ,” ಎಂದು ಬಸ್ಸಿನ ಕೀಲಿ ತೆಗೆದುಕೊಂಡು ಹೊರಟರು.

ಟ್ರಂಕಿನ ಮುಚ್ಚಳ ತೆರೆದೇ ಇತ್ತು. ಕೆಂಪು ಬಟ್ಟೆ ಮೇಲೇ ಕಾಣುತ್ತಿತ್ತು. ಕೈ ಒಮ್ಮೆ ಹಿಂದೆ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹಾಸಿಗೆ ಹಿಡಿದ ರಾಣಿ ನೆನಪಾದರು, ಬುಧವಾರ ನೆನಪಾಯಿತು. ಬಿಚ್ಚಿದೆ.

ನನ್ನ ಕೆಲಸದ ಬಗ್ಗೆ ಇಲ್ಲಿ ಹೇಳಬೇಕು. ಆಫೀಸಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ದಿನಕ್ಕೆ ಇನ್ನೂರು ಕಾಗದ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ನಂಬರು ಸರಿಯಾ, ತಾರೀಕು ಉಂಟಾ, ಸಹಿ ಉಂಟಾ, ಇಷ್ಟೇ ನೋಡುವುದು. ಒಳಗೆ ಏನು ಬರೆದಿದೆ ಎಂದು ಓದಿದರೆ ಕೆಲಸ ಸಾಗುವುದಿಲ್ಲ, ಓದುವುದು ಇಂಜಿನಿಯರುಗಳ ಕೆಲಸ. ಹದಿನಾಲ್ಕು ವರ್ಷದಿಂದ ಓದದೆಯೇ ಕಾಗದ ನೋಡಿ ನನಗೆ ಅಭ್ಯಾಸ. ಅವತ್ತೂ ಅದೇ ಮಾಡಿದೆ. ಪುಟ ಮಗುಚುತ್ತ ಹೋಗಿ ಎಲ್ಲ ತುಂಬಿದ್ದ ಒಂದು ಪುಟ ಹುಡುಕಿದೆ. ಮೇಲೆ ಊರು, ತಾರೀಕು, ರಾಣಿ ನಾಟಕ ಎಂಬ ಹೆಸರು, ಕೆಳಗೆ ಹನ್ನೊಂದು ಪಾರ್ಟು, ಹನ್ನೊಂದು ತಪ್ಪು, ಸಹಿ, ಹೆಬ್ಬೆಟ್ಟು. ತೀರಾ ಕೆಳಗೆ ಹನ್ನೆರಡನೆಯದಾಗಿ ಸಣ್ಣ ಅಕ್ಷರದ ಎರಡು ಸಾಲಿಗೆ ಸಹಿ ಇರಲಿಲ್ಲ. ಸಹಿ ಇಲ್ಲದ್ದು ನನ್ನ ಕಣ್ಣಿಗೆ ಬಿತ್ತು. ಏನು ಬರೆದಿದೆ ಎಂದು ನೋಡಲಿಲ್ಲ. ಹನ್ನೊಂದು ಸಹಿ ಸಾಕು ಎಂದು ಫೋಟೋ ತೆಗೆದು ಕಳಿಸಿ, ಬುಕ್ಕನ್ನು ಇದ್ದ ಹಾಗೇ ಸುತ್ತಿಟ್ಟು ಮನೆಗೆ ಬಂದೆ.

ಹತ್ತು ನಿಮಿಷಕ್ಕೆ ಟೀಚರಿನ ಮೆಸೇಜು ಬಂತು. “ಅಕ್ಕಾ ನಿಮ್ಮ ಉಪಕಾರ ಮರೆಯೋದಿಲ್ಲ. ಇಷ್ಟು ಸಾಕು ಅವರಿಗೆ.” ನಾನು ಹಿಗ್ಗಿ ಮೀನು ಕೊಯ್ಯಲು ಕೂತೆ. ಒಲೆಯ ಮೇಲೆ ಸಾರು ಕುದಿಯುವ ಹೊತ್ತಿಗೆ ಎರಡನೇ ಮೆಸೇಜು ಬಂತು. “ಅಕ್ಕಾ, ಕೊನೇ ಎರಡು ಸಾಲು ಓದೀರೇನು?”

ಕೈ ಒರೆಸಿ ಫೋಟೋ ದೊಡ್ಡದು ಮಾಡಿ ಓದಿದೆ.

“ಪ್ರಾಂಪ್ಟರನ ತಪ್ಪು. ಮೂರನೇ ಅಂಕಕ್ಕೆ ಮೊದಲು ರಾಣಿ ಪಾರ್ಟಿನವಳ ಭಾವ ಬಂದು, ಲಾರಿ ಮಗುಚಿ ಅವಳ ಗಂಡ ತೀರಿದ ಸುದ್ದಿ ನನಗೆ ಹೇಳಿದ. ನಾಟಕ ಮುಗಿಯುವ ತನಕ ಅವಳಿಗೆ ಹೇಳಲಿಲ್ಲ. ನಾಲ್ಕರ ಬಸ್ಸು ತಪ್ಪಿತು.”

ಒಲೆ ಆರಿಸಿದೆ. ಟೀಚರಿಗೆ ಫೋನು ಮಾಡಿದೆ. ಅವಳ ದನಿ ಬೇರೆಯೇ ಆಗಿತ್ತು. “ಅಪ್ಪ ತೀರಿದಾಗ ನಾ ಆಯಿ ಹೊಟ್ಟ್ಯಾಗಿದ್ದೆ ಅಕ್ಕಾ. ಆಯಿಗೆ ಅಪ್ಪನ ಮುಖ ನೋಡ್ಲಿಕ್ಕೆ ಸಿಗಲಿಲ್ಲ. ಬಸ್ ತಪ್ತು, ನಡದು ಬರೂದರಾಗ ಮಣ್ಣು ಮಾಡಿ ಆಗಿತ್ತು, ಅಷ್ಟೇ ನಮಗ ಗೊತ್ತು. ಈ ಮಾಮಾ ನನಗ ಸಾಲಿ ಕಲಿಸ್ಯಾನ, ಮದವಿ ಮಾಡ್ಯಾನ. ಒಂದು ದಿನ ಬಾಯಿ ಬಿಡಲಿಲ್ಲ ನೋಡ್ರಿ.”

ಆಗ ನಾನು ಇನ್ನೊಂದು ಅವಿವೇಕದ ಮಾತಾಡಿದೆ. “ಕೆಳಗಿನ ಎರಡು ಸಾಲು ಕತ್ತರಿಸಿ ಕಳ್ಸು ಮಾರಾಯ್ತಿ. ಸಹಿಯೂ ಇಲ್ಲ ಅದಕ್ಕೆ. ಯಾರಿಗೂ ಗೊತ್ತಾಗುದಿಲ್ಲ.”

“ನನಗ ಗೊತ್ತಾತಲ್ರಿ,” ಎಂದಳು. “ಅದು ಆಯಿ ಹೆಬ್ಬೆಟ್ಟು ಇರೂ ಕಾಗದ. ಆಕಿಗೆ ಓದಿ ಹೇಳದ ನಾ ಎಲ್ಲೂ ಕಳಿಸೂದಿಲ್ಲ.”

ಶುಕ್ರವಾರ, ಶನಿವಾರ ಆಫೀಸಿಗೆ ರಜೆ. ಆ ಎರಡು ದಿನ ನಾನು ಅನ್ನ ಸರಿಯಾಗಿ ತಿನ್ನಲಿಲ್ಲ. ಅವರಿಗೆ ಫೋನು ಮಾಡಿ ಹೇಳಿಬಿಡಬೇಕೆಂದು ಎಷ್ಟೋ ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಟೀಚರ್ ಶುಕ್ರವಾರವೇ ಅವರಿಗೆ ಫೋನು ಮಾಡಿ ಕೇಳಿದ್ದಳು ಎಂದು ಆಮೇಲೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಬಸ್ಸು ಬಂತು. ನಾನು ಹತ್ತಿ ನನ್ನ ಜಾಗದಲ್ಲಿ ಕೂತೆ. ಬಸ್ಸಿನ ತುಂಬ ಜನ ಮಾತಾಡುತ್ತಿದ್ದರು, ಕನ್ನಡಿಯಲ್ಲಿ ಅವರ ತುಟಿ ಅಲುಗಲೇ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಂಜೆ ನಾನೊಬ್ಬಳೇ ಉಳಿದಾಗ, ನಾನೇ ಅತ್ತುಬಿಟ್ಟೆ. “ನಾನು ಓದ್ಲೇ ಇಲ್ಲ ಮಾಮ. ದೇವರಾಣೆ ಓದ್ಲಿಲ್ಲ.”

“ಗೊತ್ತೈತ್ರಿ. ಓದಿದ್ರ ನೀವು ಕಳಸ್ತಿರಲಿಲ್ಲ,” ಎಂದರು. ಅಷ್ಟು ಹೇಳಿ ರಸ್ತೆಯ ಬದಿಗೆ ಬಸ್ಸು ನಿಲ್ಲಿಸಿದರು. ಹೊರಗೆ ಧೂಳು ಎದ್ದು ಎದುರಿನ ಕಟ್ಟಡಗಳು ಕಾಣುತ್ತಿರಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಹೇಳಿದರು.

ಅದು ಹಗಲು ನಾಟಕ. ಶಾಲೆಯ ಬಯಲಿನಲ್ಲಿ. ಅಲ್ಲಿಯವರೆಗೆ ಇವರನ್ನು ಯಾರಾದರೂ ಕರೆಸಿದ್ದರೆ ಕುಣಿಯಲು ಮಾತ್ರ ಕರೆಸಿದ್ದರು, ಇಲ್ಲವೇ ನಾಟಕದ ನಡುವೆ ಕುಣಿಯಿರಿ ಎಂದು ಕೂಗಿದ್ದರು. ಆ ಊರಿನಲ್ಲಿ ಮೊದಲ ಸಲ ಊರಿನ ದೊಡ್ಡವರು ಕುರ್ಚಿ ಹಾಕಿಕೊಂಡು, ಸದ್ದಿಲ್ಲದೆ ಎರಡು ಅಂಕ ಕೇಳಿದ್ದರು. ಆಗಲೇ ರಾಣಿಯ ಭಾವ ಕಾಡುದಾರಿಯಲ್ಲಿ ಓಡುತ್ತ ಬಂದು ಪರದೆಯ ಬದಿಗೆ ನಿಂತದ್ದು. ತಮ್ಮ ಹೋದ ಎಂದ. ಅವಳಿಗೆ ಹೇಳಲು ನನ್ನಿಂದಾಗುವುದಿಲ್ಲ, ನೀನೇ ಹೇಳು ಎಂದ.

“ನಾ ಹೇಳ್ತೇನಿ, ನೀ ಅಲ್ಲಿ ಕೂಡು ಅಂದೆ. ಹೇಳಿದ್ರ ನಾಟಕ ನಿಲ್ತದ. ನಿಂತ್ರ ಆ ಕುರ್ಚಿ ಮ್ಯಾಲಿನವ್ರು ನಕ್ಕೋತ ಎದ್ದು ಹೋಗ್ತಾರ, ಇವ್ರಿಗೆ ಮಾತು ಒಗ್ಗೂದಿಲ್ಲ, ಕುಣೀಲಿ ಅಂತಾರ. ಒಂದೇ ಅಂಕ ಐತಿ, ಒಂದೇ ಅಂಕ ಅಂದ್ಕೊಂಡೆ. ಬಸ್ಸಿನ ಟೈಮು ನನಗ ನೆನಪಿತ್ರಿ. ನೆನಪಿರಲಿಲ್ಲ ಅಂತ ಬರದಿದ್ರ ನಡೀತಿತ್ತು. ಇತ್ತು. ಪರದೆ ಬಿತ್ತು. ಎಲ್ಲಾರೂ ರೂಢಿ ಹಾಂಗ ಸುತ್ತು ಕೂತುಬಿಟ್ರು. ಆಕಿ ನಕ್ಕೋತ ಬಂದು ಹೆಬ್ಬೆಟ್ಟು ಒತ್ತಿದ್ಲು. ಆಮ್ಯಾಲೆ ಹೇಳಿದೆ. ಈಗಷ್ಟೇ ಸುದ್ದಿ ಬಂತು ಅಂದೆ. ನನ್ನ ತಪ್ಪು ಮರುದಿನ ಬರದೆ, ಓದಿ ಹೇಳಲಿಲ್ಲ. ಓದಾಕ ಬರಾಂವ ನಾನೊಬ್ಬ, ಮಾಸ್ತರು ಅವತ್ತು ಊರಾಗ ಇರಲಿಲ್ಲ. ಓದಿ ಹೇಳದ ತಪ್ಪಿಗೆ ಸಹಿ ಹಾಕೂ ಹಾಂಗಿಲ್ಲ. ಅದಕ್ಕ ಹಾಕಿಲ್ಲ.”

ನಾನು ಮೂಗು ಒರೆಸಿಕೊಂಡು, ನನ್ನ ತಪ್ಪನ್ನೂ ಆ ಬುಕ್ಕಿನಲ್ಲಿ ಬರೆದುಕೊಳ್ಳಿ, ಸಹಿ ಹಾಕುತ್ತೇನೆ ಎಂದೆ. ಬೇಡಿಕೊಂಡೆ ಎಂದರೂ ಸರಿಯೇ.

“ನೀವು ನಮ್ಮ ಕೂಡ ಪಾರ್ಟು ಮಾಡಿಲ್ರಿ ಅಕ್ಕಾರ,” ಎಂದು ಬಸ್ಸು ಚಾಲೂ ಮಾಡಿದರು. ಸಿಟ್ಟಿನಿಂದ ಹೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಸೋಮವಾರ ರಾಣಿಗೆ ಓದಿ ಹೇಳಿಯಾಗಿತ್ತು. ಟೀಚರ್ ಎಷ್ಟು ಸಲ ಮಾಡಿದರೂ ಪ್ರಾಂಪ್ಟರ್ ಫೋನು ಎತ್ತಲಿಲ್ಲ. ಮಂಗಳವಾರ ಸಂಜೆ, ನಾವಿಬ್ಬರೇ ಇರುವ ಹೊತ್ತಿಗೆ, ಅವಳು ನನ್ನ ಫೋನಿಗೆ ಮಾಡಿದಳು. “ಆಯಿ ಮಾತಾಡಬೇಕಂತಾಳ. ನಾಳೆ ಬುಧವಾರ. ಏನು ಹೇಳ್ತಾಳೋ ನನಗೂ ಹೇಳಿಲ್ಲ. ಮಾಮಾಗ ಕೊಡ್ರಿ ಅಕ್ಕಾ.” ನಾನು ಸ್ಪೀಕರ್ ಹಾಕಿ ಫೋನನ್ನು ಮುಂದಕ್ಕೆ ಚಾಚಿ, ಬಸ್ಸು ನಿಲ್ಲಿಸಿ ಮಾಮ ಎಂದೆ. ಅವರು ನಿಲ್ಲಿಸಿದರು. ಫೋನನ್ನು ಕೈಯಲ್ಲಿ ಹಿಡಿಯಲಿಲ್ಲ.

ಬಹಳ ಹೊತ್ತು ಆ ಕಡೆಯಿಂದ ಏದುಸಿರು ಮಾತ್ರ ಕೇಳಿತು. ಆಮೇಲೆ ರಾಣಿ ತಮ್ಮ ಮನೆಮಾತಿನಲ್ಲಿ ಮಾತಾಡಿದರು. ಅವರದೂ ಒಂದು ಬಗೆಯ ಕೊಂಕಣಿ, ನನ್ನ ಮನೆಮಾತೂ ಕೊಂಕಣಿ. ಒಂದೊಂದು ಶಬ್ದ ಬಿಟ್ಟರೂ ನನಗೆ ಎಲ್ಲ ಅರ್ಥವಾಯಿತು.

“ಅವತ್ತಿನ ನನ್ನ ತಪ್ಪು ಏನು ಬರೆದಿದ್ದೀ? ಮಗಳು ಓದಿದಳು. ನಗುವ ಜಾಗದಲ್ಲಿ ಜಾಸ್ತಿ ನಕ್ಕೆ ಅಂತ. ಯಾಕೆ ಜಾಸ್ತಿ ನಕ್ಕೆ ಅಂತ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಪ್ರಾಂಪ್ಟರ್ ಬಸ್ಸಿನ ಇಂಜಿನ್ ಆರಿಸಿದರು.

“ಎಂದೂ ನಾಟಕ ನೋಡಲು ಬಾರದ ಭಾವ ಪರದೆಯ ಬದಿಯಲ್ಲಿ ಟವೆಲು ಬಾಯಿಗೆ ಒತ್ತಿಕೊಂಡು ನಿಂತಿದ್ದ. ನಿನ್ನ ತುಟಿ ನೋಡಿದೆ, ಅಲ್ಲಿ ಮಾತಿರಲಿಲ್ಲ. ಅಷ್ಟು ವರ್ಷದಲ್ಲಿ ಅದೊಂದೇ ದಿನ ನೀನು ನನಗೆ ಮಾತು ಎತ್ತಿಕೊಡಲಿಲ್ಲ. ನನಗೆ ಗೊತ್ತಾಯಿತು. ಕೆಳಗಿಳಿದರೆ ನೀವಿಬ್ಬರೂ ಹೇಳಿಬಿಡುತ್ತೀರಿ. ರಾಣಿಯಾಗಿ ನಿಂತಿರುವಷ್ಟು ಹೊತ್ತು ನನ್ನ ಗಂಡ ಬದುಕಿರುತ್ತಾನೆ. ಅದಕ್ಕೆ ನಗುತ್ತ ನಿಂತೆ. ಜನ ಚಪ್ಪಾಳೆ ತಟ್ಟಿದರು. ಬಸ್ಸು ತಪ್ಪಿಸಿದವಳು ನಾನೂ ಹೌದು.”

ಮತ್ತೆ ಏದುಸಿರು. ಆಮೇಲೆ ಗದರುವ ದನಿಯಲ್ಲಿ, “ನೀನು ಒಬ್ಬನೇ ಇಷ್ಟು ವರ್ಷ ಹೊತ್ತುಕೊಂಡು ಕೂತಿದ್ದೀಯಲ್ಲ, ಮೂರ್ಖ! ಪುಟ ಪೂರ್ತಿ ಕಳಿಸಲು ಹೇಳು. ಕತ್ತರಿಸಬೇಡಿ. ನಾವು ಕುಣಿಯಲು ಹೋಗಿರಲಿಲ್ಲ ಅವತ್ತು,” ಎಂದರು.

ಪ್ರಾಂಪ್ಟರ್ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟರು. ಹಾರ್ನು ಒತ್ತಿ ಹೋಗಿ ಜೋರಾಗಿ ಕೂಗಿತು, ಅವರಿಗೆ ಅದರ ಪರಿವೆಯಿರಲಿಲ್ಲ. ನಾನು ಎದ್ದು ಹೋಗಿ ಅವರ ಭುಜ ಹಿಡಿದು ಹಿಂದಕ್ಕೆ ಸರಿಸಬೇಕಾಯಿತು. ಅಷ್ಟು ದೊಡ್ಡ ಮನುಷ್ಯ ಹಾಗೆ ಅತ್ತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಬುಧವಾರ ಬೆಳಿಗ್ಗೆ ಪೂರ್ತಿ ಪುಟ ಸಮಿತಿಗೆ ಹೋಯಿತು. ಪುಸ್ತಕದಲ್ಲಿ ಅದು ಹಾಗೇ ಅಚ್ಚಾಯಿತು, ಹನ್ನೊಂದು ಸಹಿ, ಸಹಿಯಿಲ್ಲದ ಎರಡು ಸಾಲು, ಎಲ್ಲ. ಕುಣಿತದ ತಂಡ ಎಂಬ ಮಾತು ಹೋಗಿ, ನಾಟಕ ತಂಡ ಎಂದಾಯಿತು.

ಬೇಸಿಗೆ ಮುಗಿಯುವ ಮೊದಲು ಪ್ರಾಂಪ್ಟರ್ ಕೆಲಸ ಬಿಟ್ಟು ಊರಿಗೆ ಹೊರಟರು. ಎದೆ ನೋವಿತ್ತು, ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಎಂದಿದ್ದರು. ಕಾಗದಪತ್ರವನ್ನೆಲ್ಲ ನಾನೂ ಅವರೂ ಕೂತು ಕಟ್ಟಿದೆವು. ಗೆದ್ದಲು ಬರದ ಸ್ಟೀಲಿನ ಕಪಾಟು ಟೀಚರಿನ ಶಾಲೆಯಲ್ಲಿ ಸಿಕ್ಕಿತ್ತು. ಅದೇ ವಾರ ಊರಿಗೆ ಹೋಗುವ ನಾಲ್ಕು ಮಂದಿಯ ಲಗೇಜಿನಲ್ಲಿ ಪಾಲು ಮಾಡಿ ಕಳಿಸಿದೆ. ತಪ್ಪಿನ ಬುಕ್ಕನ್ನು ಅವರು ತಮ್ಮ ಕೈಚೀಲದಲ್ಲೇ ಇಟ್ಟುಕೊಂಡರು. ಏರ್‌ಪೋರ್ಟಿನಲ್ಲಿ ನನ್ನ ತಲೆಯ ಮೇಲೆ ಕೈ ಇಟ್ಟು ಏನೋ ಹೇಳಲು ಹೋಗಿ ತಡವರಿಸಿದರು. ನನಗೆ ಎತ್ತಿಕೊಡಲು ಬರಲಿಲ್ಲ.

ಹೋಗಿ ತಿಂಗಳಾಗುವುದರೊಳಗೆ ಅವರು ತೀರಿಕೊಂಡರು. ಟೀಚರ್ ಫೋನು ಮಾಡಿ ಹೇಳಿದಳು. ಊರು ಮುಟ್ಟಿದ ಮರುದಿನವೇ ತಂಡದಲ್ಲಿ ಉಳಿದಿದ್ದ ಐದು ಜನ ರಾಣಿಯ ಮಂಚದ ಸುತ್ತ ಕೂತಿದ್ದರಂತೆ. ಪ್ರಾಂಪ್ಟರ್ ಆ ಎರಡು ಸಾಲನ್ನು ಗಟ್ಟಿಯಾಗಿ ಓದಿ ಸಹಿ ಹಾಕಿದರಂತೆ. ರಾಣಿ ತಮ್ಮ ತಪ್ಪಿಗೆ ಇನ್ನೊಂದು ಸಾಲು ಸೇರಿಸಿ ಬರೆಸಿ ಹೆಬ್ಬೆಟ್ಟು ಒತ್ತಿದರಂತೆ. ಆಮೇಲೆ ಪ್ರಾಂಪ್ಟರ್ ಹೊಸ ಪುಟ ತಿರುವಿ, ಮೇಲೆ ಬಹರೇನ್ ಎಂದು ಊರಿನ ಹೆಸರು ಬರೆದು, ತಮ್ಮದು ಮತ್ತೊಂದು ತಪ್ಪು ಬರೆದರಂತೆ.

“ಏನು ಬರೆದಿದ್ದಾರೆ?” ಎಂದೆ.

“ನಾವಿಬ್ರೂ ಹೊರಗಿನವ್ರು, ಓದೂ ಹಾಂಗಿಲ್ಲ. ಆದ್ರ ಮಾಮಾ ಹೋಗೂ ಮುಂದ, ಇದೊಂದು ಅಕ್ಕಾರಿಗೆ ಹೇಳು ಅಂದಾನ,” ಎಂದು ಓದಿದಳು. “ಪ್ರಾಂಪ್ಟರನ ತಪ್ಪು. ಪೆಟ್ಟಿಗೆಗೆ ಬೀಗ ಹಾಕದೆ ಹೋದೆ.”

ಅವರ ಬುಕ್ಕಿನಲ್ಲಿ ಇನ್ನೊಬ್ಬರ ತಪ್ಪು ಬರೆಯುವಂತಿಲ್ಲ. ನನ್ನ ತಪ್ಪು ಬರೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ, ತಮ್ಮದು ಮಾಡಿಕೊಂಡರು. ನಾನು ಆಫೀಸಿನ ಮೇಜಿನಲ್ಲೇ, ಇನ್ನೂರು ಕಾಗದದ ಮುಂದೆ, ಎಲ್ಲರೂ ನೋಡುತ್ತಿರುವಾಗಲೇ ಅತ್ತೆ. ಈಗ ಪ್ರತಿ ಕಾಗದವನ್ನೂ ಕೊನೆಯ ಸಾಲಿನ ತನಕ ಓದುತ್ತೇನೆ, ಕೆಲಸ ನಿಧಾನವಾಯಿತೆಂದು ಮ್ಯಾನೇಜರು ಎರಡು ಸಲ ಬೈದಾಗಿದೆ. ಬೈಯಲಿ. ಆದರೆ ಅವರು ಬರೆದದ್ದು ಸರಿಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವತ್ತು ಅವರು ಬೀಗ ಹಾಕಿ ಹೋಗಿದ್ದರೂ ನಾನು ಕೀಲಿ ಹುಡುಕುತ್ತಿದ್ದೆ.